ಭಾನುವಾರ ಏನು ಮಾಡಿದಿರಿ, ಬೀಗಿತ್ತಿ?



ಹೋದ ಸಂಚಿಕೆಯಲ್ಲಿ ಹೊಸ ಹುಣಸೆಹಣ್ಣನ್ನು ವರ್ಷವಿಡೀ ಕೆಡದ ಹಾಗೆ ಇಡುವ ಬಗ್ಗೆ ಬರೆದಿದ್ದೆ. ಈ ಸಲ ಅಡಿಗೆಮನೆಯಿಂದ ಸ್ವಲ್ಪ ಆಚೆ ಹೋಗಿ ಬರೋಣ ಅಂತ. ಸ್ವಲ್ಪ ಅಂದರೆ ಸ್ಪೇನ್ ದೇಶದವರೆಗೆ! ಗಾಬರಿ ಬೇಡಿ, ಸುತ್ತಿ ಸುತ್ತಿ ಕೊನೆಗೆ ಅವರೆಕಾಳಿನ ಪಾತ್ರೆಯ ಹತ್ತಿರಕ್ಕೇ ಬಂದು ಸೇರ್ತೀವಿ.

ನನ್ನ ಮಗಳು ಸ್ಪೇನಿನ ವೆಲೆನ್ಸಿಯಾ ಎಂಬ ಊರಿನಲ್ಲಿದ್ದಾಳೆ. ಓದಲಿಕ್ಕೆಂದು ಹೋದವಳು ಅಲ್ಲೇ ಕೆಲಸ ಹಿಡಿದಳು, ಅಲ್ಲೇ ಹುಡುಗನನ್ನೂ ಮೆಚ್ಚಿದಳು. ಮೊದಲು ಅತ್ತೆವು, ಆಮೇಲೆ ಒಪ್ಪಿದೆವು, ಕೊನೆಗೆ ಇಲ್ಲಿ ಕರೆಸಿ ಧಾರೆ ಎರೆದು ಕೊಟ್ಟೆವು. ಬೀಗರು ಬಂದು ಹತ್ತು ದಿನ ನಮ್ಮ ಮನೆಯಲ್ಲೇ ಇದ್ದರು. ಬೀಗಿತ್ತಿ ಸೀರೆ ಉಟ್ಟರು, ಹೂ ಮುಡಿದರು, ಕೈತುಂಬ ಬಳೆ ತೊಟ್ಟರು. ಆ ಹತ್ತು ದಿನವೂ ನಾವಿಬ್ಬರೂ ಮೂಕಿಯರ ಹಾಗೆ ಕೈಸನ್ನೆಯಲ್ಲೇ ಸಂಸಾರ ಮಾಡಿದೆವು. ‘ಇನ್ನೊಂದು ಹೋಳಿಗೆ ಹಾಕಲಾ?’ ಅನ್ನೋದಕ್ಕೆ ಭಾಷೆ ಬೇಕಿಲ್ಲ ಬಿಡಿ.

ಅವರು ಊರಿಗೆ ಹೋದ ಮೇಲೆ ಭಾನುವಾರ ರಾತ್ರಿ ವಿಡಿಯೋ ಕರೆ ಅಂತ ಒಂದು ಪದ್ಧತಿಯಾಯಿತು. ನಮಗೆ ರಾತ್ರಿ ಎಂಟೂವರೆ ಆದರೆ ಅವರಿಗೆ ಚಳಿಗಾಲದಲ್ಲಿ ಸಾಯಂಕಾಲ ನಾಲ್ಕು, ಬೇಸಿಗೆಯಲ್ಲಿ ಐದು. ನಡುವೆ ನನ್ನ ಮಗಳೇ ದುಭಾಷಿ. ಈ ದುಭಾಷಿಯ ಕಥೆ ಕೇಳಿ. ಬೀಗಿತ್ತಿ ಕೈ ಬಾಯಿ ಕಣ್ಣು ತಿರುಗಿಸಿಕೊಂಡು ಐದು ನಿಮಿಷ ಮಾತಾಡಿದರೆ, ಇವಳು ‘ನಿನ್ನ ಆರೋಗ್ಯ ಕೇಳ್ತಿದಾರಮ್ಮ’ ಅಂತ ಮುಗಿಸಿಬಿಡ್ತಾಳೆ. ಐದು ನಿಮಿಷದ ಮಾತು ಎಲ್ಲಿ ಹೋಯಿತು? ಕೇಳಿದರೆ, ‘ಅಯ್ಯೋ ಏನೂ ಇಲ್ಲಮ್ಮ, ಊಟದ ವಿಷಯ.’

ಹೋದ ಪುಷ್ಯದಲ್ಲಿ ನನಗೆ ಒಂದು ಸಂಕಟ ಹತ್ತಿಕೊಂಡಿತು. ಮಗಳ ಮುಖ ಇಳಿದುಹೋಗಿತ್ತು. ಕಣ್ಣಿನ ಕೆಳಗೆ ಕಪ್ಪು. ‘ಯಾಕೇ?’ ಅಂದರೆ ‘ಲೈಟು ಸರಿಯಿಲ್ಲಮ್ಮ’ ಅಂತಾಳೆ. ‘ಚೆನ್ನಾಗಿದೀಯೇನೇ?’ ಅಂದರೆ ‘ಚೆನ್ನಾಗಿದೀನಮ್ಮ.’ ಹೆಣ್ಣು ಹೆತ್ತವರಿಗೆ ಈ ‘ಚೆನ್ನಾಗಿದೀನಮ್ಮ’ದ ರಾಗ ತಿಳಿಯೋದಿಲ್ಲವೇ? ಹತ್ತಿರದ ಊರಾಗಿದ್ದರೆ ಒಂದು ಡಬ್ಬಿ ಚಕ್ಕುಲಿ ಹಿಡಿದು ಹೋಗಿ, ಎರಡು ದಿನ ಇದ್ದು, ಅತ್ತೆ ಹೇಗೆ, ಮನೆ ಹೇಗೆ ಅಂತ ಕಣ್ಣಾರೆ ನೋಡಿ ಬರ್ತಿದ್ದೆ. ಅಲ್ಲಿಗೆ ಹೇಗೆ ಹೋಗಲಿ? ಅತ್ತೆಯ ಮನೆಯಲ್ಲಿ ಮಗಳು ಹೇಗಿದ್ದಾಳೆ ಅಂತ ಆ ಮಗಳನ್ನೇ ದುಭಾಷಿ ಮಾಡಿಕೊಂಡು ಅತ್ತೆಯನ್ನು ಕೇಳೋದು ಹೇಗೆ, ನೀವೇ ಹೇಳಿ.

ದಾರಿ ಮನೆಯ ಮಹಡಿ ಮೇಲೇ ಇತ್ತು.

ನಮ್ಮದು ಬ್ಯಾಟರಾಯನಪುರ. (ಬೆಂಗಳೂರಿನಲ್ಲಿ ಎರಡು ಬ್ಯಾಟರಾಯನಪುರ ಇವೆ, ಮೈಸೂರು ರಸ್ತೆಯದು ಒಂದು, ನಮ್ಮ ಬಳ್ಳಾರಿ ರಸ್ತೆಯದು ಇನ್ನೊಂದು. ಮದುವೆ ಕರೆಯೋಲೆ ಹಿಡಿದು ಅಲ್ಲಿಗೆ ಹೋಗಿ, ಊಟ ತಪ್ಪಿಸಿಕೊಂಡು ಬಂದ ನೆಂಟರು ನಮ್ಮಲ್ಲೇ ಇಬ್ಬರಿದ್ದಾರೆ.) ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವ ದಾರಿಯಲ್ಲಿ, ಜಕ್ಕೂರಿನ ಪುಟ್ಟ ವಿಮಾನಗಳು ತಲೆ ಮೇಲೆ ಗುಂಯ್‌ಗುಡುವ ಜಾಗ. 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರುವ ತನಕ ನಮಗೆ ನಮ್ಮದೇ ನಗರಸಭೆ ಇತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದಿತು, ಆಚೆ ನಾಗವಾರದಲ್ಲಿ ಕಂಪನಿಗಳು ಎದ್ದವು, ನಮ್ಮ ಬೀದಿಯ ಪ್ರತಿ ಮನೆಗೂ ಒಂದೊಂದು ಮಹಡಿ ಬೆಳೆಯಿತು. ಆ ಮಹಡಿಗಳ ತುಂಬ ಬಾಡಿಗೆ ಮಕ್ಕಳು.

ನಮ್ಮ ಮಹಡಿಯಲ್ಲಿರುವ ಹುಡುಗಿ ಮಡಕಶಿರಾ ಕಡೆಯವಳು. ಆಂಧ್ರಕ್ಕೆ ಸೇರಿದ ಊರಾದರೂ ಮನೆಯಲ್ಲಿ ಕನ್ನಡ. ಕಂಪನಿಯೊಂದರಲ್ಲಿ ಸ್ಪೇನ್, ಮೆಕ್ಸಿಕೋ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ರಾತ್ರಿ ಹನ್ನೊಂದಕ್ಕೆ ಮಹಡಿಯಿಂದ ಪಟಪಟ ಸ್ಪ್ಯಾನಿಷ್ ಕೇಳಿಸೋದು. ಮಡಕಶಿರಾದ ರೈತನ ಮಗಳಿಗೆ ಸ್ಪ್ಯಾನಿಷ್ ಎಲ್ಲಿಂದ ಬಂತು ಅಂತ ನಿಮಗೂ ಆಶ್ಚರ್ಯವೇ? ನನಗೂ ಆಯಿತು. ಅದರ ಹಿಂದೆ ಒಂದು ದೊಡ್ಡ ಕಥೆ ಇದೆ.

ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿಸೆಂತೆ ಫೆರೆರ್ ಎಂಬುವರು 1952ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದರು. ಮೊದಲು ಮಹಾರಾಷ್ಟ್ರದ ಮನ್ಮಾಡದಲ್ಲಿ ರೈತರಿಗೆ ಬಾವಿ ತೋಡಿಸಿದರು. ಅದು ಕೆಲವು ದೊಡ್ಡವರ ಕಣ್ಣು ಕೆಂಪಾಗಿಸಿ, 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷ ತಿರುಗಿ ಬಂದು ಅನಂತಪುರದಲ್ಲಿ ನೆಲೆ ನಿಂತರು, ಪಾದ್ರಿ ವೃತ್ತಿ ಬಿಟ್ಟು ಮದುವೆಯಾದರು, ಅಲ್ಲೇ 2009ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಟ್ರಸ್ಟು ಆ ಬರದ ಸೀಮೆಯಲ್ಲಿ ಆಸ್ಪತ್ರೆ, ಶಾಲೆ, ಮನೆ ಅಂತ ಮಾಡಿದ್ದು ಅಷ್ಟಿಷ್ಟಲ್ಲ. ಸ್ಪೇನಿನಲ್ಲಿ ಕೂತ ಎಷ್ಟೋ ಸಂಸಾರಗಳು ಅನಂತಪುರದ ಹಳ್ಳಿಯ ಒಂದೊಂದು ಮಗುವಿನ ಹೆಸರಿನಲ್ಲಿ ಹಣ ಕಳಿಸ್ತವೆ. ಆ ಟ್ರಸ್ಟು ಹಳ್ಳಿ ಮಕ್ಕಳಿಗಾಗಿ ವಿದೇಶಿ ಭಾಷೆಗಳ ಶಾಲೆಯನ್ನೂ ನಡೆಸ್ತದೆ. ಈ ಹುಡುಗಿ ಅಲ್ಲಿ ಕಲಿತವಳು. ನಮ್ಮ ಮನೆ ಮುಂದಿನ ಈ ಬಳ್ಳಾರಿ ರಸ್ತೆಯನ್ನೇ ಹಿಡಿದು ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಪೆನುಕೊಂಡ ದಾಟಿ ಹೋದರೆ ಅನಂತಪುರ. ನಾನು ಕೊತ್ತಂಬರಿ ಸೊಪ್ಪಿಗೆ ನಿಲ್ಲುವ ರಸ್ತೆಯಲ್ಲಿ ಇಷ್ಟು ವರ್ಷ ಸ್ಪೇನಿನವರು ಓಡಾಡಿದ್ದಾರೆ, ನನಗೆ ತಿಳಿದೇ ಇಲ್ಲ!

ಒಂದು ಸಂಜೆ ಅವಳಿಗೆ ರಾಗಿರೊಟ್ಟಿ ಕೊಡುವ ನೆಪದಲ್ಲಿ ಮಹಡಿ ಹತ್ತಿದೆ. ‘ನನ್ನ ಮಗಳು ಹೇಗಿದ್ದಾಳೆ ಅಂತ ಕೇಳೋದನ್ನ ಹೇಳಿಕೊಡು ಪುಟ್ಟಿ’ ಅಂದೆ.

‘ಬೇಡ ಆಂಟಿ’ ಅಂದಳು. ‘ಹಾಗೆ ಕೇಳಿದ್ರೆ ಅವರು ಬಿಯೆನ್ ಅಂದುಬಿಡ್ತಾರೆ. ಬಿಯೆನ್ ಅಂದ್ರೆ ಚೆನ್ನಾಗಿದಾಳೆ. ಅಲ್ಲಿಗೆ ಮಾತು ಮುಗೀತು. ನೀವು ಅವರ ವೀಕೆಂಡ್ ಹೇಗಿತ್ತು ಅಂತ ಕೇಳಿ. ಅವರ ಕಡೆ ಎಲ್ಲರೂ ಎಲ್ಲರನ್ನೂ ಕೇಳೋದು ಅದನ್ನೇ. ಅದನ್ನ ಕೇಳಿದ್ರೆ ಮನೆಯೆಲ್ಲಾ ತಾನಾಗೇ ಹೊರಗೆ ಬರುತ್ತೆ.’

ಹೌದಲ್ಲ ಅನ್ನಿಸಿತು. ನಾವೂ ಅಷ್ಟೇ ಅಲ್ಲವೇ? ‘ಸಂಸಾರ ಹೇಗೆ ನಡೀತಿದೆ?’ ಅಂತ ಯಾರಾದರೂ ಕೇಳಿದರೆ ಬಾಗಿಲು ಹಾಕಿಕೊಳ್ತೀವಿ. ‘ಇವತ್ತು ಏನ್ರೀ ಸಾರು?’ ಅಂತ ಕೇಳಿದರೆ ಸಾಕು, ಗಂಡನಿಗೆ ಏರಿದ ಸಕ್ಕರೆ, ಮಗನಿಗೆ ಸಿಗದ ಕೆಲಸ, ಮೈದುನನ ಸಾಲ, ಎಲ್ಲ ಆ ಸಾರಿನ ಜೊತೆಗೇ ಕುದಿದು ಬರ್ತದೆ. ಸಾರಿನ ಬದಲು ಅವರಿಗೆ ಶನಿವಾರ, ಭಾನುವಾರ.

ಪಾಠ ಶುರುವಾಯಿತು. ಎರಡು ರೂಪಾಯಿ ಪೆನ್ನು, ಮಗಳು ಹೈಸ್ಕೂಲಿನಲ್ಲಿ ಅರ್ಧ ಬರೆದು ಬಿಟ್ಟ ನೋಟುಬುಕ್ಕು. ಮೊದಲ ವಾಕ್ಯ: ‘ಕೆ ತಾಲ್ ಎಲ್ ಫಿನ್ ದೆ ಸೆಮಾನಾ?’ ಕೆ ತಾಲ್ ಅಂದರೆ ಹೇಗೆ, ಹೇಗಿತ್ತು. ಸೆಮಾನಾ ವಾರ, ಫಿನ್ ಕೊನೆ. ವಾರದ ಕೊನೆ ಹೇಗಿತ್ತು? ಕ್ರಿಯಾಪದವೇ ಇಲ್ಲ, ಆದ್ದರಿಂದ ತಪ್ಪುವ ಭಯವೂ ಇಲ್ಲ. ಇನ್ನೂ ಬಿಡಿಸಿ ಕೇಳಬೇಕಾದರೆ, ‘ಕೆ ಇಥಿಸ್ತೆ ಎಲ್ ಫಿನ್ ದೆ ಸೆಮಾನಾ?’ ವಾರದ ಕೊನೆಗೆ ಏನು ಮಾಡಿದೆ? ಸ್ಪೇನಿನವರು ‘ಥ’ ಅಂತ ನಾಲಿಗೆ ಹೊರಗಿಟ್ಟು ಹೇಳುವುದನ್ನು ಮೆಕ್ಸಿಕೋದವರು ‘ಸ’ ಅಂತಾರೆ, ಇಸಿಸ್ತೆ. ನಮ್ಮ ಮೈಸೂರು, ಧಾರವಾಡ ಇದ್ದ ಹಾಗೆ ಅಂತಿಟ್ಟುಕೊಳ್ಳಿ.

ಕೇಳಿದವರು ಉತ್ತರ ಹೇಳಿ ಸುಮ್ಮನಾಗೋದಿಲ್ಲ, ತಿರುಗಿ ಕೇಳ್ತಾರೆ. ‘ಇ ತು?’ ಅಂದರೆ ‘ನೀನೋ?’ ‘ಇ ಉಸ್ತೆದ್?’ ಅಂದರೆ ‘ತಾವೋ?’ ನೋಡಿ, ನಮ್ಮ ಹಾಗೇ ನೀನು ಬೇರೆ, ನೀವು ಬೇರೆ! ಇಂಗ್ಲಿಷಿನವರ ಹಾಗೆ ಅಜ್ಜನಿಗೂ ನಾಯಿಮರಿಗೂ ಒಂದೇ ಪದವಲ್ಲ. ನಾನು ಹೆಣ್ಣಿನ ಕಡೆಯವಳು, ಅವರು ಗಂಡಿನ ಕಡೆಯ ಬೀಗಿತ್ತಿ. ಉಸ್ತೆದ್ ಅಂತಲೇ ಅನ್ನಬೇಕು ಅಂತ ಗಟ್ಟಿ ಮಾಡಿಕೊಂಡೆ. ಇನ್ನೊಂದು ಸಂತೋಷ ಕೇಳಿ. ಬೀಗಿತ್ತಿ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ನೆಟ್ಟಗೊಂದು ಪದವಿಲ್ಲ, ಸ್ಪ್ಯಾನಿಷಿನಲ್ಲಿದೆ. ಕೊನ್ಸ್ವೆಗ್ರಾ. ಸ್ವೆಗ್ರಾ ಅಂದರೆ ಅತ್ತೆ, ಕೊನ್ ಅಂದರೆ ಜೊತೆ. ಜೊತೆಯತ್ತೆ! ನನಗೆ ಆ ಭಾಷೆಯ ಮೇಲೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ವಾರದ ಹೆಸರುಗಳಲ್ಲಿ ಇನ್ನೂ ಮಜಾ ಇದೆ. ಲೂನೆಸ್ ಅಂದರೆ ಚಂದ್ರನ ದಿನ, ನಮ್ಮ ಸೋಮವಾರ. ಮಾರ್ತೆಸ್ ಮಂಗಳ ಗ್ರಹದ್ದು. ಮಿಯೆರ್ಕೊಲೆಸ್ ಬುಧ. ಹ್ವೇಬೆಸ್ ಗುರು. ಬಿಯೆರ್ನೆಸ್ ಶುಕ್ರ. ಅವರ ಪಂಚಾಂಗ, ನಮ್ಮ ಪಂಚಾಂಗ ಐದು ದಿನ ಕೈಕೈ ಹಿಡಿದುಕೊಂಡು ಬರ್ತವೆ. ಆಮೇಲೆ ಕೈ ಬಿಟ್ಟುಹೋಗ್ತದೆ. ನಮಗೆ ಶನಿ, ಭಾನು. ಅವರಿಗೆ ಸಾಬಾದೊ, ದೊಮಿಂಗೊ. ಸಾಬಾದೊ ಅನ್ನೋದು ಯೆಹೂದಿಯರ ವಿಶ್ರಾಂತಿಯ ದಿನದಿಂದ ಬಂದ ಪದ, ದೊಮಿಂಗೊ ದೇವರ ದಿನ. ಐದು ದಿನ ದುಡಿಯುವ ಹೆಸರು ಒಂದೇ, ವಿಶ್ರಾಂತಿಯ ಎರಡು ದಿನಕ್ಕೆ ಬಂದಾಗ ಮಾತ್ರ ಬೇರೆ! ಅದೂ ಅಲ್ಲದೆ ಅವರಿಗೆ ವಾರ ಶುರುವಾಗೋದು ಸೋಮವಾರ. ನಮ್ಮ ಅಜ್ಜಿಯರ ಎಣಿಕೆಯಲ್ಲಿ ಆದಿತ್ಯವಾರವೇ ಮೊದಲು. ಭಾನುವಾರ ಅವರಿಗೆ ಕೊನೆ, ನಮಗೆ ಆರಂಭ. ವಾರಾಂತ್ಯ ಎಂಬ ಪದ ಪತ್ರಿಕೆಯಲ್ಲಿ ಓದ್ತೀವಿ, ಮನೆಯಲ್ಲಿ ಯಾರು ಅಂತಾರೆ?

ಮೂರನೆಯ ದಿನ ಹುಡುಗಿ ಮನೆಪಾಠ ಕೊಟ್ಟಳು. ‘ಹೋದ ಭಾನುವಾರ ನೀವು ಮಾಡಿದ್ದನ್ನ ಐದು ವಾಕ್ಯದಲ್ಲಿ ಹೇಳಿ ಆಂಟಿ. ಅವರು ತಿರುಗಿ ಕೇಳಿದಾಗ ಬೇಕಾಗುತ್ತೆ.’

ನಾನು ಯೋಚನೆ ಮಾಡಿದೆ. ‘ಏನೂ ಮಾಡ್ಲಿಲ್ಲ ಕಣೇ’ ಅಂದೆ.

‘ನೊ ಇಥೆ ನಾದಾ’ ಅಂತ ಬರೆದುಕೊಟ್ಟಳು. ನಾದಾ ಅಂದರೆ ಏನೂ ಇಲ್ಲ. ನಮ್ಮಲ್ಲಿ ನಾದ ಅಂದರೆ ಸದ್ದು, ಅವರಲ್ಲಿ ಶೂನ್ಯ! ನಗು ಬಂತು. ಅವಳು ನಗಲಿಲ್ಲ. ‘ಆಂಟಿ, ಭಾನುವಾರ ಬೆಳಿಗ್ಗೆ ಆರಕ್ಕೇ ನಿಮ್ಮ ಮಿಕ್ಸಿ ಸದ್ದಿಗೆ ನನಗೆ ಎಚ್ಚರ ಆಯ್ತಲ್ಲ. ಅದೇನು?’

‘ಅದು ದೋಸೆಗೆ ಚಟ್ನಿ. ನಾದಿನಿ ಮನೆಯವರು ಬರೋರಿದ್ರಲ್ಲ.’

‘ಎಷ್ಟು ಜನ?’

‘ಏಳು. ನಾವು ಸೇರಿ ಒಂಬತ್ತು.’

‘ಮತ್ತೆ?’

ಮತ್ತೆ ಅಂದರೆ... ಅವರೆಕಾಯಿ ಕಾಲ. ಶನಿವಾರ ಮೂರು ಕೆ.ಜಿ. ಕಾಯಿ ಸುಲಿದು ಕಾಳು ನೆನೆಹಾಕಿದ್ದೆ. ಭಾನುವಾರ ಒಂದೊಂದೇ ಕಾಳು ಹಿದುಕಿ ಸಿಪ್ಪೆ ಬಿಡಿಸಿ, ಹಿದುಕಿದ ಬೇಳೆ ಸಾರು. ಮುದ್ದೆ, ಅನ್ನ, ಒಂದು ಪಾಯಸ. ವಾರದ ಬಟ್ಟೆ. ಸಂಜೆ ಕಾಫಿ, ಬೋಂಡ. ಅವರನ್ನು ಕಳಿಸಿ ದೇವಸ್ಥಾನ. ಬಂದು ರಾತ್ರಿ ಅಡಿಗೆ, ಪಾತ್ರೆ. ಕೆಲಸದವಳಿಗೆ ಭಾನುವಾರ ರಜೆ, ಅವಳಿಗಾದರೂ ಇರಬೇಕಲ್ಲ. ಹೇಳ್ತಾ ಹೇಳ್ತಾ ನನಗೇ ಸುಸ್ತಾಯಿತು.

‘ಇದಕ್ಕೆಲ್ಲ ನಾದಾ ಅಂತೀರಲ್ಲ’ ಅಂದಳು ಆ ಹುಡುಗಿ.

ನೀವೂ ಅಷ್ಟೇ ತಾನೆ? ಫೋನಿನಲ್ಲಿ ‘ಏನ್ಮಾಡ್ತಿದ್ದೆ?’ ಅಂತ ತಂಗಿ ಕೇಳಿದರೆ ‘ಏನಿಲ್ಲ, ಸುಮ್ನೆ ಇದ್ದೆ’ ಅಂತೀವಿ, ಭುಜ ಮತ್ತು ಕಿವಿಯ ನಡುವೆ ಫೋನ್ ಸಿಕ್ಕಿಸಿಕೊಂಡು ತೆಂಗಿನಕಾಯಿ ತುರೀತಾ! ಕೇಂದ್ರ ಸರ್ಕಾರ 2019ರಲ್ಲಿ ದೇಶದ ಜನ ದಿನದ 24 ಗಂಟೆ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿಸಿತು. ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ದರು, ತೊಡಗುವ ಗಂಡಸರು 97. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ ನೋಡಿ. ಆ ಒಂದು ನಿಮಿಷ ಬಹುಶಃ ‘ಏನಿಲ್ಲ, ಸುಮ್ನೆ ಇದ್ದೆ’ ಅನ್ನೋದಕ್ಕೆ ಹೋಗಿರಬೇಕು.

ಭಾನುವಾರದ ರಜೆಯೂ ಯಾರಿಗೂ ಆಕಾಶದಿಂದ ಬಿದ್ದದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ವರ್ಷಾನುಗಟ್ಟಲೆ ಹೋರಾಡಿ 1890ರಲ್ಲಿ ಕೊಡಿಸಿದ್ದು. ಸ್ಪೇನಿನಲ್ಲಿ ಅದಕ್ಕೆ ಕಾನೂನು ಬಂದದ್ದು 1904ರಲ್ಲಿ. ನಮ್ಮ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಸಿಕ್ಕಿದ್ದು 2015ರಲ್ಲಿ; ರಾಜ್ಯ ಸರ್ಕಾರಿ ನೌಕರರಿಗೆ ನಾಲ್ಕನೇ ಶನಿವಾರ ಸೇರಿದ್ದು 2019ರಲ್ಲಿ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು. ಆ ಎರಡು ಶನಿವಾರ ಬಂದಾಗ ಅವರಿಗೆ ಹಬ್ಬ. ನನಗೆ ತಿಂಗಳಿಗೆ ಎರಡು ಮಧ್ಯಾಹ್ನದ ಬಿಸಿ ಅಡಿಗೆ ಹೆಚ್ಚಾಯಿತು, ಅಷ್ಟೆ. ದೂರೋದಕ್ಕೆ ಹೇಳ್ತಿಲ್ಲ, ಲೆಕ್ಕ ಹೇಳಿದೆ.

ಅಂತೂ ವಾಕ್ಯಗಳು ಸಿದ್ಧವಾದವು. ‘ಕೊಥಿನೆ’, ಅಡಿಗೆ ಮಾಡಿದೆ. ‘ಲಾಬೆ ಲಾ ರೋಪಾ’, ಬಟ್ಟೆ ಒಗೆದೆ. ‘ಲಿಂಪಿಯೆ ಲಾ ಕಾಸಾ’, ಮನೆ ಚೊಕ್ಕಟ ಮಾಡಿದೆ. ಕಾಸಾ ಅಂದರೆ ಮನೆ, ನಾನು ‘ಕಸ’ ಅಂತ ನೆನಪಿಟ್ಟುಕೊಂಡೆ. ಕಸ ತೆಗೆದರೇನೇ ಮನೆ ತಾನೆ! ‘ಫುಯಿ ಅಲ್ ತೆಂಪ್ಲೊ’, ದೇವಸ್ಥಾನಕ್ಕೆ ಹೋದೆ. ಗಮನಿಸಿದಿರಾ? ಕೊಥಿನೆ, ಲಾಬೆ, ಲಿಂಪಿಯೆ. ಮಾಡಿದೆ, ಒಗೆದೆ, ಗುಡಿಸಿದೆ. ಎರಡು ಕಡೆಯೂ ‘ಎ’ಕಾರದಲ್ಲೇ ಮುಗೀತದೆ. ‘ನಾನು’ ಅಂತ ಬೇರೆ ಹೇಳೋದೇ ಬೇಡ, ಕ್ರಿಯಾಪದದ ಬಾಲದಲ್ಲೇ ನಾನು ಇದ್ದೀನಿ. ಮೂವತ್ತೈದು ವರ್ಷದಿಂದ ಹಾಗೇ ಇದ್ದೀನಿ ಅನ್ನಿ.

ಐದನೆಯ ವಾಕ್ಯ ಮಾತ್ರ ಹೊಳೀಲಿಲ್ಲ. ‘ದೆಸ್ಕಾನ್ಸೆ ಅಂತ ಹಾಕಿ ಆಂಟಿ, ವಿಶ್ರಾಂತಿ ತಗೊಂಡೆ ಅಂತ’ ಅಂದಳು. ‘ಸುಳ್ಳು ಹೇಳಬಾರದು, ಬೀಗಿತ್ತಿ’ ಅಂದೆ. ಆ ಗೆರೆ ಖಾಲಿ ಉಳೀತು.

ಭಾನುವಾರ ರಾತ್ರಿ ಎಂಟೂವರೆ. ಈ ಸಲ ಮಗಳಿಗೆ ಮಾಡದೆ ನೇರವಾಗಿ ಬೀಗಿತ್ತಿಯ ನಂಬರಿಗೇ ವಿಡಿಯೋ ಕರೆ. ಹುಡುಗಿ ಕ್ಯಾಮೆರಾದ ಆಚೆ ಮೋಡಾದ ಮೇಲೆ ಕೂತಳು, ನನಗೆ ತಿಳಿಯದಿದ್ದರೆ ಪಿಸುಗುಟ್ಟಲಿಕ್ಕೆ. ನನ್ನ ಕೈ ಥರಗುಟ್ಟುತ್ತಿತ್ತು, ಹೆಣ್ಣು ನೋಡಲಿಕ್ಕೆ ಬಂದ ದಿನ ಕಾಫಿ ತಟ್ಟೆ ಹಿಡಿದಿದ್ದೆನಲ್ಲ, ಹಾಗೆ.

ಬೀಗಿತ್ತಿ ಫೋನೆತ್ತಿದರು. ಹಿಂದೆ ಅಡಿಗೆಮನೆ, ಮೈಮೇಲೆ ಏಪ್ರನ್ನು, ಕೈ ಒದ್ದೆ. ಮಗಳಿಲ್ಲದೆ ನಾನೊಬ್ಬಳೇ ಕಂಡೆನಲ್ಲ, ಅವರ ಮುಖ ಬಿಳಿಚಿಕೊಂಡಿತು. ‘ಪಾಸಾ ಆಲ್ಗೊ?’ ಅಂದರು. ಏನಾದರೂ ಆಯಿತೇ? ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಹೆದರುವುದು ಎಲ್ಲ ದೇಶದಲ್ಲೂ ಒಂದೇ. ನನಗೆ ಕಲಿತದ್ದೆಲ್ಲ ಮರೆತುಹೋಗಿ ಬಾಯಿಗೆ ಬಂದದ್ದು ಒಂದೇ: ‘ನಾದಾ! ನಾದಾ!’ ಅವರು ಉಸಿರು ಬಿಟ್ಟರು. ಆ ಪದವೂ ಉಪಯೋಗಕ್ಕೆ ಬಂತು, ನೋಡಿ.

ಆಮೇಲೆ ಧೈರ್ಯ ಮಾಡಿದೆ. ‘ಕೆ ತಾಲ್ ಎಲ್ ಫಿನ್ ದೆ ಸೆಮಾನಾ, ಕೊನ್ಸ್ವೆಗ್ರಾ?’

ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಕೋಡಿ ಹರಿದ ಹಾಗೆ ಮಾತು. ವೆಲೆನ್ಸಿಯಾ ಕಡೆ ಭಾನುವಾರ ಅಂದರೆ ಪಯೇಯಾ, ಅಗಲವಾದ ಬಾಣಲೆಯಲ್ಲಿ ಮಾಡುವ ಒಂಥರಾ ಕೇಸರಿ ಅನ್ನ. ಅದನ್ನು ಸೌದೆ ಉರಿಯಲ್ಲಿ ಗಂಡಸರು ಮಾಡೋದೇ ಅಲ್ಲಿನ ವಾಡಿಕೆ. ಆ ದಿನ ಹನ್ನೊಂದು ಜನವಂತೆ, ಬೀಗರೇ ಸೌಟು ಹಿಡಿದರಂತೆ. ಊಟವಾದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ‘ಕಾಳು ನೆನೆಹಾಕಿದ್ದು ನಾನು, ತರಕಾರಿ ಹೆಚ್ಚಿದ್ದು ನಾನು, ನಿನ್ನ ಮಗಳಿಗೆ ಮಾಂಸವಿಲ್ಲದ್ದು ಬೇರೆ ಬಾಣಲೆಯಲ್ಲಿ ಮಾಡಿದ್ದು ನಾನು, ಈಗ ತಳ ಉಜ್ಜುತ್ತಿರೋದೂ ನಾನೇ’ ಅಂತ ಆ ದೊಡ್ಡ ಬಾಣಲೆ ಎತ್ತಿ ತೋರಿಸಿದರು. ಅದರ ಅಂಚಿಗೆ ಒಂದು ಕಾಳು ಅಂಟಿಕೊಂಡಿತ್ತು. ಕಿತ್ತು ಕ್ಯಾಮೆರಾ ಹತ್ತಿರ ಹಿಡಿದರು. ಗರ್ರೊಫೊ ಅಂತೆ. ನೋಡಿದರೆ ನಮ್ಮ ಡಬಲ್ ಬೀನ್ಸ್! ನಾನು ಎದ್ದು ಓಡಿ ಬೋಗುಣಿಯಲ್ಲಿ ಉಳಿದಿದ್ದ ಹಿದುಕಿದ ಬೇಳೆ ತಂದು ತೋರಿಸಿದೆ. ಹೆಬ್ಬೆರಳು ತೋರುಬೆರಳಲ್ಲಿ ಹಿದುಕುವುದು ಹೇಗೆ ಅಂತಲೂ ಮಾಡಿ ತೋರಿಸಿದೆ. ‘ಒಂದೊಂದೇ?’ ಅಂತ ಅವರು ಹಣೆ ಚಚ್ಚಿಕೊಂಡರು.

ಮಾತಿನ ನಡುವೆ ನಾನು ಉಸ್ತೆದ್ ಅಂದದ್ದಕ್ಕೆ ತಡೆದರು. ‘ತುತೆಯಾಮೆ’ ಅಂದರು. ನನ್ನನ್ನು ಏಕವಚನದಲ್ಲಿ ಮಾತಾಡಿಸು ಅಂತ. ಅದಕ್ಕೊಂದು ಕ್ರಿಯಾಪದವೇ ಇದೆ ಅವರಲ್ಲಿ. ನಮ್ಮಲ್ಲಿ ಏಕವಚನಕ್ಕೆ ಇಳಿದರೆ ಜಗಳ, ಅವರಲ್ಲಿ ಸ್ನೇಹ. ಗಂಡಿನ ಕಡೆ ಬೀಗಿತ್ತಿಯನ್ನು ನೀನು ಅನ್ನಲು ನನ್ನ ನಾಲಿಗೆ ಏಳಲೇ ಇಲ್ಲ, ಮೂರು ಸಲ ಉಗುಳು ನುಂಗಿದೆ. ನಮ್ಮತ್ತೆ ಕೇಳಿಸಿಕೊಂಡಿದ್ದರೆ!

ಆ ಏಪ್ರನ್ನಿಗೂ ಒಂದು ಕಥೆ ಇದೆ ಅಂದರು. 2018ರ ಮಾರ್ಚ್ 8ರಂದು ಸ್ಪೇನಿನ ಹೆಂಗಸರು ದೇಶದ ತುಂಬ ಮುಷ್ಕರ ಹೂಡಿದ್ದರು, ಕಚೇರಿ ಕೆಲಸ ಮಾತ್ರವಲ್ಲ, ಮನೆಗೆಲಸವನ್ನೂ ಬಿಟ್ಟು. ಬೀದಿಗಿಳಿದವರು ಲಕ್ಷಗಟ್ಟಲೆ. ಮನೆ ಬಿಟ್ಟು ಬರಲಾಗದವರು ಬಾಲ್ಕನಿಗೆ ಏಪ್ರನ್ ತೂಗುಹಾಕಿ ನಾವೂ ಇದ್ದೀವಿ ಅಂತ ತೋರಿಸಿದರು. ‘ನನ್ನ ಅತ್ತೆ ಹಾಸಿಗೆ ಹಿಡಿದಿದ್ದರು, ಬಿಟ್ಟು ಹೇಗೆ ಹೋಗಲಿ? ಇದನ್ನೇ ಬಾಲ್ಕನಿಗೆ ಹಾಕಿದೆ. ಒಳಗೆ ಬಂದು ಅವರಿಗೆ ಸೂಪು ಕುಡಿಸಿದೆ.’ ಹುಡುಗಿ ಪಿಸುಗುಟ್ಟುತ್ತಾ ಹೋದಳು, ನಾನು ಹೂಂ ಹೂಂ ಅಂತ ಕೇಳ್ತಾ ಹೋದೆ. ನನಗೂ ಆರು ವರ್ಷ ಹಾಸಿಗೆ ಹಿಡಿದ ಅತ್ತೆ ಇದ್ದರು. ಆ ಸೂಪು ನಮ್ಮಲ್ಲಿ ಗಂಜಿ.

ಆಗ ಕೇಳಿದೆ. ‘ಇ ಮಿ ಇಹಾ?’ ನನ್ನ ಮಗಳು?

ಬೀಗಿತ್ತಿ ತುಟಿಯ ಮೇಲೆ ಬೆರಳಿಟ್ಟರು. ಫೋನ್ ಹಿಡಿದುಕೊಂಡು ಮೆಲ್ಲಗೆ ನಡೆದರು. ಕತ್ತಲೆ ಕೋಣೆ, ಒಂದು ಸೋಫಾ. ಕಾಲಿಗೆ ಉಣ್ಣೆ ಚೀಲ ಹಾಕಿಕೊಂಡು, ಕುತ್ತಿಗೆ ತನಕ ಕಂಬಳಿ ಹೊದ್ದು, ಬಾಯಿ ಸ್ವಲ್ಪ ತೆರೆದುಕೊಂಡು ನನ್ನ ಮಗಳು ಮಲಗಿದ್ದಳು, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಬಂದು ಮಲಗಿದ್ದಳಲ್ಲ, ಥೇಟ್ ಹಾಗೇ. ‘ದ್ವೆರ್ಮೆ’ ಅಂದರು ಪಿಸುಮಾತಿನಲ್ಲಿ. ಮಲಗಿದ್ದಾಳೆ.

ಮತ್ತೆ ಅಡಿಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಹೇಳಿದರು. ಮಗಳ ಕಚೇರಿಯಲ್ಲಿ ಜನರನ್ನು ತೆಗೀತಿದ್ದಾರಂತೆ. ಎರಡು ತಿಂಗಳಿಂದ ಇಬ್ಬರ ಕೆಲಸ ಇವಳೊಬ್ಬಳ ಮೇಲೆ. ರಾತ್ರಿ ನಿದ್ದೆಯಿಲ್ಲ. ‘ಅಮ್ಮನಿಗೆ ಹೇಳಬೇಡಿ ಅಂದಿದ್ದಾಳೆ. ಆದ್ದರಿಂದ ನಾನು ಹೇಳ್ತಾ ಇಲ್ಲ’ ಅಂತ ಕಣ್ಣು ಮಿಟುಕಿಸಿದರು. ಭಾನುವಾರ ಊಟವಾದ ಮೇಲೆ ಇಲ್ಲೇ ಎರಡು ಗಂಟೆ ಮಲಗ್ತಾಳೆ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಟಿ.ವಿ. ಹಾಕೋ ಹಾಗಿಲ್ಲ, ಪಾತ್ರೆ ಸದ್ದು ಮಾಡೋ ಹಾಗಿಲ್ಲ, ಅದಕ್ಕೇ ಬಾಣಲೆ ಇಷ್ಟು ನಿಧಾನ ಅಂದರು.

ನಾನು ಏನು ಹೇಳಲಿ? ಕಲಿತದ್ದರಲ್ಲಿ ಆ ಮಾತಿಗೆ ವಾಕ್ಯ ಇರಲಿಲ್ಲ. ‘ಗ್ರಾಥಿಯಾಸ್’ ಅಂದೆ. ಉಪಕಾರವಾಯಿತು ಅಂತ.

ಅದಕ್ಕೆ ಅವರು, ‘ಇ ತು? ದೆಸ್ಕಾನ್ಸಾಸ್ತೆ?’

ನೀನೋ? ವಿಶ್ರಾಂತಿ ತಗೊಂಡೆಯಾ? ಈ ಪ್ರಶ್ನೆ ನನ್ನನ್ನು ಇದುವರೆಗೆ ಯಾರೂ ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ಗಟ್ಟಿ ಮಾಡಿದ್ದ ನಾಲ್ಕು ವಾಕ್ಯ ಒಪ್ಪಿಸಿದೆ. ಕೊಥಿನೆ, ಲಾಬೆ, ಲಿಂಪಿಯೆ, ಫುಯಿ ಅಲ್ ತೆಂಪ್ಲೊ. ಐದನೆಯದಕ್ಕೆ ‘ನೊ’ ಅಂದೆ.

ಬೀಗಿತ್ತಿ ಕ್ಯಾಮೆರಾದೊಳಗೆ ಬಗ್ಗಿ ನೋಡಿದ ಹಾಗೆ ನೋಡಿದರು. ‘ಸಿಯೆಂತಾತೆ, ಮುಹೆರ್’ ಅಂದರು. ಹುಡುಗಿ ಕಡೆ ತಿರುಗಿದೆ. ‘ಕೂತ್ಕೊಳೇ ಅಂತಿದಾರೆ ಆಂಟಿ’ ಅಂದಳು. ಆಗ ಗೊತ್ತಾಯಿತು, ಬೇಳೆ ಬೋಗುಣಿ ತಂದಾಗಿನಿಂದ ಅಷ್ಟು ಹೊತ್ತೂ ನಿಂತೇ ಇದ್ದೆ.

ನಮ್ಮ ಯಜಮಾನರು ಹಾಲಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ‘ಮಗು ಮಲಗಿದಾಳಂತಾ?’ ಅಂದರು. ‘ಹೂಂ. ಬೀಗಿತ್ತಿ ಎಬ್ಬಿಸಲಿಲ್ಲವಂತೆ’ ಅಂದೆ. ಏನೂ ಅನ್ನಲಿಲ್ಲ. ಮರುವಾರ ಕಾಳಿನ ಪಾತ್ರೆ ಮುಂದೆ ಬಂದು ಕೂತು, ‘ಇದನ್ನ ಹೇಗೆ ಹಿದುಕೋದು?’ ಅಂತ ಕೇಳಿದರು. ಮೊದಲ ಕಾಳು ಹಾರಿ ಪೇಪರಿನ ಮೇಲೆ ಬಿತ್ತು, ಎರಡನೆಯದು ಅವರ ಕನ್ನಡಕಕ್ಕೆ ಬಡಿಯಿತು. ಅರ್ಧ ಸೇರು ಹಿದುಕುವಷ್ಟರಲ್ಲಿ ಬೆರಳು ನೋವು ಅಂದರು. ನಾನು ಮಾತಾಡಲಿಲ್ಲ, ನಡುಮನೆಯ ಕುರ್ಚಿಯಲ್ಲಿ ಕೂತು ಮಗಳಿಗೆ ಕಳಿಸಬೇಕಾದ ಚಕ್ಕುಲಿಯ ಲೆಕ್ಕ ಹಾಕ್ತಿದ್ದೆ.

ಆ ರಾತ್ರಿ ನೋಟುಬುಕ್ಕಿನ ಖಾಲಿ ಗೆರೆಯಲ್ಲಿ ಬರೆದೆ: ‘ಮೆ ಸೆಂತೆ.’ ಕೂತೆ. ಹುಡುಗಿ ಬೆಳಿಗ್ಗೆ ಕೆಲಸಕ್ಕೆ ಹೋಗೋ ಆತುರದಲ್ಲೇ ನೋಡಿ, ಸರಿಯಿದೆ ಆಂಟಿ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಹೋದಳು.